ಕಡಲಿಲ್ಲದ ಊರಿನವರು ಕಂಡ ಕಡಲು

ಬೆಂಗಳೂರಿನ ದಕ್ಷಿಣದ ಕುಮಾರಸ್ವಾಮಿ ಲೇಔಟಿನಲ್ಲಿ ನಿಂತು ಕಡಲಿನ ಮಾತೆತ್ತಿದರೆ ಕೇಳಿದವರು ನಕ್ಕಾರು. ಪಡುವಣಕ್ಕೆ ಹೊರಟರೂ ಸರಿ, ಮೂಡಣಕ್ಕೆ ಹೊರಟರೂ ಸರಿ, 300 ಕಿಲೋಮೀಟರಿನ ಆಸುಪಾಸು ಕ್ರಮಿಸಿದ ಹೊರತು ಉಪ್ಪುನೀರು ಕಾಲಿಗೆ ಸೋಕದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಬಡಾವಣೆಯ ಮಕ್ಕಳಿಗೆ ಸಮುದ್ರವೆಂದರೆ ರಜೆಯ ದಿನಗಳಲ್ಲಿ ಮಲ್ಪೆಗೋ ಉಳ್ಳಾಲಕ್ಕೋ ಹೋಗಿ ಮರಳಲ್ಲಿ ಆಡಿ ಬರುವ ಸಂಗತಿ, ಅಷ್ಟೆ.

ಆದರೆ ಇಲ್ಲಿಯ ಗೃಹಿಣಿ ಮುಂಜಾನೆ ಎದ್ದು ಸಂಪಿನ ಮುಚ್ಚಳ ತೆರೆದು, ನೀರು ಬಂದಿದೆಯೆ ಎಂದು ಬಗ್ಗಿ ನೋಡುವಳಲ್ಲ, ಆಗ ಆಕೆ ತನಗರಿಯದಂತೆ ನೋಡುತ್ತಿರುವುದು ಕಡಲನ್ನೇ. ಕೊಡಗಿನ ಬೆಟ್ಟಗಳ ಮೇಲೆ ಸುರಿದ ಮುಂಗಾರು ಕಾವೇರಿಯಾಗಿ ಹರಿದು, ಕೃಷ್ಣರಾಜಸಾಗರದಲ್ಲಿ ತಂಗಿ, ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡು, ಹಾರೋಹಳ್ಳಿ, ತಾತಗುಣಿಗಳ ಪಂಪುಗಳಿಂದ ಹಂತಹಂತವಾಗಿ ಮೇಲಕ್ಕೇರಿ, ಕನಕಪುರ ರಸ್ತೆಯ ಗುಂಟ ದಕ್ಷಿಣ ಬೆಂಗಳೂರನ್ನು ಪ್ರವೇಶಿಸುತ್ತದೆ. ಸುಮಾರು 100 ಕಿಲೋಮೀಟರಿನ ಹಾದಿ. ಸುಮಾರು 500 ಮೀಟರಿನ ಏರು. 1974ರಲ್ಲಿ ಕಾವೇರಿ ಮೊದಲ ಬಾರಿಗೆ ಹೀಗೆ ಬೆಟ್ಟವೇರಿ ನಗರಕ್ಕೆ ಬಂದಳು. ಈ ಪ್ರಯಾಣದ ಲೆಕ್ಕವೆಲ್ಲ ಎಂಜಿನಿಯರುಗಳ ಕೈಯಲ್ಲಿದೆ. ಅದಕ್ಕೂ ಹಿಂದಿನ ಪ್ರಯಾಣದ ಲೆಕ್ಕ, ಅಂದರೆ ಸಾವಿರಾರು ಕಿಲೋಮೀಟರ್ ದೂರದ ಸಾಗರದಿಂದ ತಲಕಾವೇರಿಯ ನೆತ್ತಿಯವರೆಗಿನ ಲೆಕ್ಕ ಮಾತ್ರ, ಬಹುಕಾಲ ಯಾರ ಕೈಗೂ ಸಿಕ್ಕಿರಲಿಲ್ಲ.

ಆ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ನಗರವು 2024ರ ಬೇಸಗೆಯಲ್ಲಿ ಕಂಡಿತು. ಅದರ ಹಿಂದಿನ ವರ್ಷ, 2023ರ ಆಗಸ್ಟ್ ತಿಂಗಳು, ದೇಶದಲ್ಲಿ 1901ರಿಂದೀಚೆಗೆ ಕಂಡರಿಯದಷ್ಟು ಒಣಗಿ ಕಳೆದಿತ್ತು. ಮಳೆಯ ಕೊರತೆ ನೂರಕ್ಕೆ 36. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ಮಾರ್ಚಿ ತಿಂಗಳ ಹೊತ್ತಿಗೆ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಸದ್ದಿಗೆ ಕಿವಿಗೊಟ್ಟು ಕೂರುವುದೇ ಅನೇಕ ಮನೆಗಳ ದಿನಚರಿಯಾಯಿತು. ಒಂದು ಸಾಗರದ ಹದ ಕೆಟ್ಟುದರ ಫಲ, ಏಳೆಂಟು ತಿಂಗಳ ತರುವಾಯ, ಸಾಗರವನ್ನೇ ಕಾಣದ ಬೀದಿಗಳಲ್ಲಿ ಪ್ರಕಟವಾಯಿತು.

ಈ ಹದವೇನು, ಅದು ಕೆಡುವುದೇಕೆ ಎಂಬುದನ್ನು ಶೋಧಿಸಿದವರಲ್ಲಿ ಪ್ರಮುಖರಾದ ಕೆಲವರು ಇದೇ ಕಡಲಿಲ್ಲದ ಊರಿನಲ್ಲಿ ಕುಳಿತು ಕೆಲಸ ಮಾಡಿದವರೆಂಬುದು ಹೆಚ್ಚು ಜನಕ್ಕೆ ತಿಳಿಯದ ವಿಷಯ. ಕುಮಾರಸ್ವಾಮಿ ಲೇಔಟಿನಿಂದ ನಗರವನ್ನು ಅಡ್ಡ ಹಾಯ್ದು, ಮಲ್ಲೇಶ್ವರದ ಆಚೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ಟಾಟಾ ಇನ್‌ಸ್ಟಿಟ್ಯೂಟ್ ಎಂದರೆ ಹಳೆಯ ಬೆಂಗಳೂರಿಗರು ಬೇಗ ಗುರುತಿಸುತ್ತಾರೆ. ಅದರ ಮರಗಳ ನೆರಳಿನಲ್ಲಿ ವಾಯುಮಂಡಲ ಮತ್ತು ಸಾಗರ ವಿಜ್ಞಾನಗಳ ಕೇಂದ್ರವೊಂದುಂಟು.

ಗಣಿತಕ್ಕೆ ಸಿಕ್ಕದ ಮಳೆ

ಮಳೆಯ ಗುಟ್ಟನ್ನು ಹುಡುಕುವ ಹಂಬಲ ಹುಟ್ಟಿದ್ದು ಹಸಿವಿನಿಂದ. ಮೈಸೂರು ಸೀಮೆಯ ಹಿರಿಯರು ಧಾತು ಈಶ್ವರ ಕ್ಷಾಮವೆಂದು ಕರೆಯುತ್ತಿದ್ದ 1876–78ರ ಮಹಾಕ್ಷಾಮದಲ್ಲಿ ಸಂಸ್ಥಾನದ ಐದರಲ್ಲೊಂದು ಪಾಲು ಜನ ಅಳಿದರೆಂದು ಹೇಳುತ್ತಾರೆ. ಆ ಭೀಕರ ಅನುಭವದ ಬಳಿಕ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಬ್ಲ್ಯಾನ್‌ಫರ್ಡ್ ಮುಂಗಾರಿನ ಮುನ್ಸೂಚನೆಗೆ ಕೈಹಾಕಿದರು. ಹಿಮಾಲಯದಲ್ಲಿ ಹೆಚ್ಚು ಹಿಮ ಬಿದ್ದರೆ ಮುಂದೆ ಮಳೆ ಕಡಿಮೆ ಎಂಬುದು ಅವರ ಸೂತ್ರ. ಆ ಬಳಿಕ 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಕೇಂಬ್ರಿಜಿನ ಗಣಿತಜ್ಞ. ಜಗತ್ತಿನ ಮೂಲೆಮೂಲೆಯ ವಾಯುಭಾರದ ಅಂಕಿಗಳನ್ನು ತರಿಸಿ ಗುಮಾಸ್ತರಿಂದ ಕೂಡಿಸಿ ಕಳೆಸಿ ನೋಡಿದ ಅವರಿಗೆ, ಶಾಂತಸಾಗರದ ಒಂದು ತುದಿಯಲ್ಲಿ ಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವುದು, ಇಲ್ಲಿ ಏರಿದಾಗ ಅಲ್ಲಿ ಇಳಿಯುವುದು ಕಂಡಿತು. ಏತದ ಮರದಂತಹ ಈ ತೂಗಾಟಕ್ಕೂ, ಪೆರು ದೇಶದ ಬೆಸ್ತರು ಎಲ್ ನಿನೊ ಎಂದು ಕರೆಯುತ್ತಿದ್ದ ಬಿಸಿನೀರಿನ ಹಾವಳಿಗೂ ಸಂಬಂಧವಿರುವುದು ಮುಂದೆ ಗೊತ್ತಾಯಿತು. ಎಲ್ ನಿನೊ ಬಂದರೆ ಭಾರತಕ್ಕೆ ಬರ ಎಂಬ ಮಾತು ಹುಟ್ಟಿದ್ದು ಹೀಗೆ.

ಮಾತೇನೋ ಬಹುಮಟ್ಟಿಗೆ ನಿಜ. ಬಹುಮಟ್ಟಿಗೆ ಎಂಬಲ್ಲಿಯೇ ತೊಡಕು.

ಅಷ್ಟಕ್ಕೂ ಹಿಂದೂ ಮಹಾಸಾಗರವನ್ನು ಅಳೆದವರೇ ಕಡಿಮೆ. ಅಟ್ಲಾಂಟಿಕದ ಮೇಲೆ ಹಡಗುಗಳು ಓಡಾಡಿ ತಳದ ನಕ್ಷೆ ಬರೆದಾಗಿದ್ದರೂ, ಮುಂಗಾರು ಹುಟ್ಟುವ ಈ ಸಾಗರ ಹಾಗೆಯೇ ಉಳಿದಿತ್ತು. 1960ರ ಆಸುಪಾಸಿನಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯಲ್ಲಿ ಸುಮಾರು 40 ಹಡಗುಗಳು ಪಾಲ್ಗೊಂಡವು. ಅಮೆರಿಕದ ಅಧ್ಯಕ್ಷರು ವಿಹರಿಸುತ್ತಿದ್ದ ವಿಲಾಸನೌಕೆಯೊಂದು ಹೆಸರು ಬದಲಿಸಿ, ಆಂಟನ್ ಬ್ರೂನ್ ಎಂಬ ಶೋಧನೌಕೆಯಾಗಿ ಬಂದಿತು. ಭಾರತೀಯ ನೌಕಾದಳದ ಕಿಸ್ತ್ನಾ ಎಂಬ ಯುದ್ಧನೌಕೆಯೂ ತೋಪುಗಳ ನಡುವೆ ನೀರಿನ ಬಾಟಲಿಗಳನ್ನು ಹೊತ್ತು ಹೊರಟಿತು. ಈ ಯಾತ್ರೆಯ ಫಲವಾಗಿ 1966ರ ಜನವರಿಯಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸ್ಥಾಪಿತವಾಗಿ ಗೋವೆಯಲ್ಲಿ ನೆಲೆಗೊಂಡಿತು.

ಇಪ್ಪತ್ತೆಂಟು ಡಿಗ್ರಿಯ ಗೆರೆ

ಬೆಂಗಳೂರಿನ ಕಥೆ ಆರಂಭವಾಗುವುದು ಒಬ್ಬ ಮಹಿಳೆಯಿಂದ. ಪುಣೆಯಲ್ಲಿ 1944ರಲ್ಲಿ ಜನಿಸಿ, ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದು, 1970ರ ದಶಕದಲ್ಲಿ ವಿಜ್ಞಾನ ಸಂಸ್ಥೆಯನ್ನು ಸೇರಿದ ಸುಲೋಚನಾ ಗಾಡ್ಗೀಳರು ಗಣಿತದ ಹಾದಿಯಿಂದ ಮುಂಗಾರಿನ ಅಂಗಳಕ್ಕೆ ಬಂದವರು. ಮೋಡಗಳು ಎಲ್ಲಿ ಏಳುತ್ತವೆ, ಎಲ್ಲಿ ಏಳುವುದಿಲ್ಲ ಎಂಬ ಸರಳ ಪ್ರಶ್ನೆಯನ್ನು ಅವರೂ ಸಂಗಡಿಗರಾದ ಪಿ. ವಿ. ಜೋಸೆಫ್ ಮತ್ತು ಎನ್. ವಿ. ಜೋಶಿಯವರೂ ಹಿಡಿದುಕೊಂಡರು. ಉಪಗ್ರಹಗಳು ಕಳಿಸಿದ ಮೋಡದ ಚಿತ್ರಗಳನ್ನು ಸಮುದ್ರದ ಮೇಲ್ಮೈಯ ಉಷ್ಣಮಾನದೊಡನೆ ಹೋಲಿಸುತ್ತ ಹೋದಾಗ ಒಂದು ಸೋಜಿಗ ಎದುರಾಯಿತು.

ಒಲೆಯ ಮೇಲಿಟ್ಟ ಹಾಲು ಬಹಳ ಹೊತ್ತು ಸುಮ್ಮನಿರುತ್ತದೆ. ಒಂದು ಹಂತ ಮುಟ್ಟಿದೊಡನೆ ಉಕ್ಕುತ್ತದೆ. ಕಡಲಿನ ನೀರೂ ಹಾಗೆಯೇ. ಮೇಲ್ಮೈಯ ಉಷ್ಣಮಾನ 26, 27 ಡಿಗ್ರಿ ಸೆಲ್ಸಿಯಸ್ ಇರುವ ತನಕ ಅದರ ಮೇಲೆ ದೊಡ್ಡ ಮೋಡಗಳ ಸುಳಿವು ಅಪರೂಪ. 28 ಡಿಗ್ರಿಯ ಗೆರೆ ದಾಟಿತೋ, ಹತ್ತಾರು ಕಿಲೋಮೀಟರ್ ಎತ್ತರದ ಮಳೆಮೋಡಗಳು ಎದ್ದು ನಿಲ್ಲುವ ಸಂಭವ ಒಮ್ಮೆಲೇ ಹೆಚ್ಚುತ್ತದೆ. ಹಾಲಿನ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು: ಗೆರೆ ದಾಟಿದ ಕಡಲೆಲ್ಲ ಉಕ್ಕಲೇಬೇಕೆಂದಿಲ್ಲ, ಗಾಳಿಯೂ ಕೂಡಿಬರಬೇಕು. ಆದರೆ ಗೆರೆಯ ಕೆಳಗಿರುವ ಕಡಲಿನ ಮೇಲೆ ಮೋಡ ಏಳುವುದು ವಿರಳ. 1984ರಲ್ಲಿ ಪ್ರಕಟವಾದ ಈ ಶೋಧ, ಮುಂಗಾರನ್ನು ನೋಡುವ ದೃಷ್ಟಿಯನ್ನೇ ತಿರುಗಿಸಿತು. ಮಳೆಯ ಭವಿಷ್ಯ ಸಾಗರದ ತೆಳುವಾದ ಮೇಲ್ಪದರದಲ್ಲಿ, ಒಂದೊಂದು ಡಿಗ್ರಿಯ ಏರಿಳಿತದಲ್ಲಿ ಅಡಗಿದೆಯೆಂದಾದ ಮೇಲೆ, ಆ ಪದರವನ್ನು ಬಿಟ್ಟು ಮೋಡವನ್ನಷ್ಟೇ ನೋಡುವಂತಿಲ್ಲ.

ಗಾಡ್ಗೀಳರನ್ನು ಕುರಿತ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ತಮ್ಮ ವಿದ್ಯೆಯನ್ನು ಅವರು ಪಾವಗಡ, ಅನಂತಪುರದ ಒಣಭೂಮಿಗೂ ಕೊಂಡೊಯ್ದರು. ಕಡಲೆಕಾಯಿಯನ್ನು ಯಾವ ವಾರ ಬಿತ್ತಿದರೆ ಮಳೆಯ ಜೂಜಿನಲ್ಲಿ ನಷ್ಟ ಕಡಿಮೆ ಎಂಬುದನ್ನು ರೈತರ ಜತೆ ಕುಳಿತು ಲೆಕ್ಕ ಹಾಕಿದರು. ರೈತನಿಗೆ ಉಪಯೋಗವಿಲ್ಲದ ಮುನ್ಸೂಚನೆ ಮುನ್ಸೂಚನೆಯೇ ಅಲ್ಲವೆಂಬಂತೆ ದುಡಿದ ಇಂತಹ ವಿಜ್ಞಾನಿಗಳು ಹೆಚ್ಚಿಲ್ಲ. 2025ರಲ್ಲಿ ಅವರು ತೀರಿಕೊಂಡರು.

ಸಾಗರದ ತಕ್ಕಡಿ

1997ರಲ್ಲಿ ಶಾಂತಸಾಗರದಲ್ಲಿ ಎದ್ದ ಎಲ್ ನಿನೊ ಆ ಶತಮಾನದ ಅತಿ ಪ್ರಬಲವಾದವುಗಳಲ್ಲಿ ಒಂದು. ಭಾರತಕ್ಕೆ ಘೋರ ಬರ ಕಾದಿದೆಯೆಂದು ಜಗತ್ತೆಲ್ಲ ನಂಬಿತು. ಮಳೆ ಬಂದಿತು, ವಾಡಿಕೆಗಿಂತ ನೂರಕ್ಕೆ ಎರಡು ಹೆಚ್ಚಾಗಿಯೇ ಬಂದಿತು! ಐದು ವರ್ಷಗಳ ಬಳಿಕ, 2002ರಲ್ಲಿ, ಎಲ್ ನಿನೊ ಮಧ್ಯಮ ಬಲದ್ದು. ಮಳೆ ವಾಡಿಕೆಯಂತೆ ನೂರಕ್ಕೆ 101ರಷ್ಟು ಆದೀತೆಂದು ಅಧಿಕೃತ ಮುನ್ಸೂಚನೆಯೂ ಇದ್ದಿತು. ಆದರೆ ಜುಲೈ ತಿಂಗಳಲ್ಲಿ ದೇಶದ ಮಳೆ ಸರಿಸುಮಾರು ಅರ್ಧಕ್ಕೆ ಕುಸಿಯಿತು. ಋತುವಿನ ಕೊನೆಗೆ ಕೈಗೆ ಬಂದದ್ದು ನೂರಕ್ಕೆ 81. ಆ ವರ್ಷ ಕಾವೇರಿಯ ನೀರಿಗಾಗಿ ಎರಡು ರಾಜ್ಯಗಳ ನಡುವೆ ಎದ್ದ ಕಲಹವನ್ನು ಮಂಡ್ಯದವರಾಗಲಿ ಬೆಂಗಳೂರಿನವರಾಗಲಿ ಮರೆತಿರಲಾರರು.

ಆ ಬೇಸಗೆಯ ವ್ಯಂಗ್ಯವೊಂದುಂಟು. ಪಶ್ಚಿಮ ಕರಾವಳಿಯ ಭಾರಿ ಮಳೆಯನ್ನು ಅಧ್ಯಯನ ಮಾಡಬೇಕೆಂದು ದೇಶದ ವಿಜ್ಞಾನಿಗಳು ದೊಡ್ಡ ಸಿದ್ಧತೆಯೊಡನೆ ಅರಬ್ಬೀ ಸಮುದ್ರದ ಮೇಲೆ ಶೋಧಕಾರ್ಯ ಆರಂಭಿಸಿದ್ದೂ ಅದೇ 2002ರಲ್ಲಿ. ಮಳೆಯನ್ನು ಅಳೆಯಹೋದವರ ಮುಂದೆ ಮಳೆಯೇ ಕಣ್ಮರೆಯಾಯಿತು.

ಒಗಟಿನ ಅರ್ಧ ಉತ್ತರ ಅಷ್ಟರಲ್ಲಾಗಲೇ ದೊರೆತಿತ್ತು. 1999ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ನಾಲ್ವರು ಬರೆದ ಲೇಖನವೊಂದು ಪ್ರಕಟವಾಯಿತು. ಎನ್. ಎಚ್. ಸಾಜಿ, ಬಿ. ಎನ್. ಗೋಸ್ವಾಮಿ, ಪಿ. ಎನ್. ವಿನಯಚಂದ್ರನ್, ತೊಶಿಯೊ ಯಮಾಗಾತ: ಇವರು ಆ ನಾಲ್ವರು. ಗೋಸ್ವಾಮಿಯವರು ಆಗ ಬೆಂಗಳೂರಿನ ಕೇಂದ್ರದಲ್ಲಿದ್ದವರು. ಉಳಿದವರು ಜಪಾನಿನಲ್ಲಿದ್ದರು, ವಿನಯಚಂದ್ರನ್ ಮುಂದೆ ಇದೇ ಕೇಂದ್ರದ ಪ್ರಾಧ್ಯಾಪಕರಾದರು. ಹಿಂದೂ ಮಹಾಸಾಗರಕ್ಕೆ ಶಾಂತಸಾಗರದ ನೆರಳಲ್ಲದ, ತನ್ನದೇ ಆದ ತಕ್ಕಡಿಯೊಂದಿದೆ ಎಂಬುದು ಅವರ ಪ್ರತಿಪಾದನೆ.

ತಕ್ಕಡಿಯ ಒಂದು ತಟ್ಟೆ ಸುಮಾತ್ರಾ ದ್ವೀಪದ ಬಳಿ, ಇನ್ನೊಂದು ಆಫ್ರಿಕದ ತೀರದ ಕಡೆ. ಸಾಮಾನ್ಯ ವರ್ಷಗಳಲ್ಲಿ ಸುಮಾತ್ರಾದ ಬದಿಯೇ ಹೆಚ್ಚು ಬೆಚ್ಚಗೆ. ಮೋಡಗಳ ಜಾತ್ರೆ ಅಲ್ಲಿಯೇ. ಕೆಲವು ವರ್ಷ ಅಲ್ಲಿ ಆಗ್ನೇಯದ ಗಾಳಿ ಬಲವಾಗಿ ಬೀಸಿ, ಮೇಲಿನ ಬಿಸಿನೀರನ್ನು ದೂಡಿ, ಆಳದ ತಣ್ಣೀರನ್ನು ಮೇಲಕ್ಕೆ ತರುತ್ತದೆ. ಪೂರ್ವದ ತಟ್ಟೆ ತಣಿಯುತ್ತದೆ, ಪಶ್ಚಿಮದ್ದು ಕಾಯುತ್ತದೆ. ಆಗ ಇಂಡೊನೇಷ್ಯದಲ್ಲಿ ಬರ, ಪೂರ್ವ ಆಫ್ರಿಕದಲ್ಲಿ ಪ್ರವಾಹ. 1961, 1994, 1997ರಲ್ಲಿ ಆದದ್ದು ಇದೇ. ಇದಕ್ಕೆ ಹಿಂದೂ ಮಹಾಸಾಗರದ ದ್ವಿಧ್ರುವವೆಂದು ಹೆಸರಾಯಿತು. ಮೇ ತಿಂಗಳ ಹವಾಮಾನ ವಾರ್ತೆಯಲ್ಲಿ ಇಂದು ತಪ್ಪದೆ ಕೇಳಿಬರುವ ಮಾತು ಇದು.

ಉಳಿದರ್ಧ ಉತ್ತರವನ್ನು 2002ರ ಪೆಟ್ಟು ಹೊರತೆಗೆಯಿತು. ಗಾಡ್ಗೀಳ್, ವಿನಯಚಂದ್ರನ್, ಪಿ. ಎ. ಫ್ರಾನ್ಸಿಸ್ ಇವರು ನೀರಿನ ಉಷ್ಣಮಾನವನ್ನಷ್ಟೇ ನೋಡದೆ, ಭೂಮಧ್ಯರೇಖೆಯ ಮೇಲಿನ ಮೋಡ ಮತ್ತು ಗಾಳಿ ಯಾವ ತಟ್ಟೆಯತ್ತ ವಾಲುತ್ತವೆಂದು ವರ್ಷವರ್ಷಕ್ಕೂ ಗುರುತಿಸಿದರು. ಮೋಡ ಪಶ್ಚಿಮಕ್ಕೆ ವಾಲಿದರೆ ಭಾರತದ ಮುಂಗಾರಿಗೆ ಅನುಕೂಲ. ಸುಮಾತ್ರಾದ ಕಡೆ ವಾಲಿದರೆ ಪ್ರತಿಕೂಲ. 1997ರಲ್ಲಿ ಎಲ್ ನಿನೊ ವೈರಿಯಾಗಿದ್ದರೂ ಹಿಂದೂ ಮಹಾಸಾಗರ ಕೈಹಿಡಿದಿತ್ತು. 2002ರಲ್ಲಿ ಎರಡೂ ಒಟ್ಟಿಗೆ ಕೈಬಿಟ್ಟವು. ಮನೆಯ ಯಜಮಾನ ಮುನಿದರೂ ಯಜಮಾನಿ ಒಲಿದರೆ ಅತಿಥಿಗೆ ಊಟ ಸಿಕ್ಕೀತು. ಇಬ್ಬರೂ ಮುನಿದರೆ ಉಪವಾಸವೇ ಸರಿ.

ಬೆಸ್ತರು ದಡ ಸೇರುವಾಗ

ಉಪಗ್ರಹ ಕಡಲಿನ ಮೈಯನ್ನು ನೋಡಬಲ್ಲುದೇ ಹೊರತು ಒಡಲನ್ನು ನೋಡಲಾರದು. ಒಡಲನ್ನು ನೋಡಬೇಕಾದರೆ ಹಡಗೇರಬೇಕು, ಅದೂ ಮುಂಗಾರಿನ ನಡುವೆ. ಕರಾವಳಿಯಲ್ಲಿ ಜೂನ್, ಜುಲೈ ಎಂದರೆ ಯಾಂತ್ರಿಕ ದೋಣಿಗಳಿಗೆ ನಿಷೇಧದ ಕಾಲ. ಮೊಗವೀರರು ಬಲೆಗಳನ್ನು ಹೊಲಿಯುತ್ತ, ನೂಲ ಹುಣ್ಣಿಮೆಯಂದು ಹಾಲು ತೆಂಗಿನಕಾಯಿಗಳಿಂದ ಸಮುದ್ರಪೂಜೆ ಮಾಡುವವರೆಗೆ ಕಾಯುತ್ತಾರೆ. ಕಡಲನ್ನು ಬಲ್ಲವರು ಹಿಂದೆ ಸರಿಯುವ ಆ ಕಾಲದಲ್ಲಿಯೇ ಕಡಲನ್ನು ಅರಿಯಬೇಕೆಂಬವರು ಮುಂದೆ ಹೋಗಬೇಕು.

1999ರ ಜುಲೈ, ಆಗಸ್ಟಿನಲ್ಲಿ ಇದೇ ಕೇಂದ್ರದ ಜಿ. ಎಸ್. ಭಟ್ ಮೊದಲಾದವರ ಮುಂದಾಳುತನದಲ್ಲಿ ಸಾಗರ ಕನ್ಯಾ ಮತ್ತು ಸಾಗರಧ್ವನಿ ಎಂಬ ಎರಡು ಹಡಗುಗಳು ಬಂಗಾಳ ಕೊಲ್ಲಿಯಲ್ಲಿ ಲಂಗರು ಹೂಡಿದಂತೆ ನಿಂತು ಮಳೆಗಾಲವನ್ನು ಅಳೆದವು. ಮಳೆ ಹೊಯ್ದು ತಣ್ಣಗಾದ ಕೊಲ್ಲಿಯ ನೀರು ಕೆಲವೇ ದಿನಗಳ ಬಿಸಿಲಿಗೆ ಮತ್ತೆ ಕಾದು ಸಿದ್ಧವಾಗುವ ಬೆರಗನ್ನು ಅವು ಕಂಡವು. ಇದಕ್ಕೆ ಕಾರಣ ನದಿಗಳು. ಗಂಗೆ, ಬ್ರಹ್ಮಪುತ್ರೆ, ಐರಾವತಿ, ಗೋದಾವರಿಗಳು ಸುರಿಯುವ ಸಿಹಿನೀರು ಹಗುರ. ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ತೆಳುವಾಗಿ ನಿಲ್ಲುತ್ತದೆ. ತೆಳುವಾದದ್ದು ಬೇಗ ಕಾಯುತ್ತದೆ. ಅರಬ್ಬೀ ಸಮುದ್ರ ಮುಂಗಾರಿನ ಬಿರುಗಾಳಿಗೆ ಕಲಕಿ ತಣ್ಣಗಾದರೂ ಬಂಗಾಳ ಕೊಲ್ಲಿ ಆ 28 ಡಿಗ್ರಿಯ ಗೆರೆಯ ಮೇಲೆಯೇ ಉಳಿದು, ಒಂದರ ಹಿಂದೊಂದು ವಾಯುಭಾರ ಕುಸಿತಗಳನ್ನು ಹಡೆಯುತ್ತದೆ. ಕೊಲ್ಲಿಯಲ್ಲಿ ಕುಸಿತವೆದ್ದಾಗಲೆಲ್ಲ ಪಡುವಣ ಗಾಳಿ ಬಿರುಸಾಗಿ ಘಟ್ಟಕ್ಕೆ ಬಡಿದು ಕೊಡಗಿನಲ್ಲಿ ಮಳೆ ಜಡಿಯುವುದುಂಟು.

ಹಾಗಾದರೆ ಇಷ್ಟೊಂದು ಸಿಹಿನೀರು ಯುಗಯುಗಗಳಿಂದ ಬೀಳುತ್ತಿದ್ದರೂ ಕೊಲ್ಲಿ ಸಪ್ಪೆಯಾಗದೆ ಉಳಿದಿರುವುದೇಕೆ? ಮಕ್ಕಳು ಕೇಳಬಹುದಾದ ಪ್ರಶ್ನೆ; ದೊಡ್ಡವರು ಉತ್ತರ ಹುಡುಕಲು ತಡಮಾಡಿದ ಪ್ರಶ್ನೆ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಹೆಚ್ಚು ಉಪ್ಪಾದ ನೀರು ಶ್ರೀಲಂಕೆಯ ದಕ್ಷಿಣವನ್ನು ಬಳಸಿ, ಹೊಳೆಯಂತೆ ಕೊಲ್ಲಿಯನ್ನು ಹೊಗುತ್ತದೆ. ಭಾರವಾದುದರಿಂದ ಕೆನೆಯ ಅಡಿಗೆ ನುಸುಳುತ್ತದೆ. ಶ್ರೀಲಂಕೆಯ ಪೂರ್ವಕ್ಕೆ ಕೆಲವು ತಾಣಗಳಲ್ಲಿ ಅದು ಮೇಲಕ್ಕೆ ಚಿಮ್ಮಿ ಬೆರೆಯುವುದನ್ನು ವಿನಯಚಂದ್ರನ್ ಮತ್ತು ಸಂಗಡಿಗರು 2013ರಲ್ಲಿ ವರದಿ ಮಾಡಿದರು. ಅದನ್ನವರು ಉಪ್ಪಿನ ಪಂಪೆಂದು ಕರೆದದ್ದು ಒಪ್ಪುವ ಮಾತೇ. ಪಡುಗಡಲು ಮೂಡುಗಡಲಿಗೆ ವರ್ಷವರ್ಷವೂ ಉಪ್ಪು ಬಡಿಸುತ್ತಿದೆ.

ಈ ಹೊಳೆಯನ್ನು ಕಣ್ಣಾರೆ ಅಳೆಯಲು 2016ರ ಜೂನ್ 24ರಂದು ಸಿಂಧು ಸಾಧನಾ ಎಂಬ ಹಡಗು ಚೆನ್ನೈಯಿಂದ ಹೊರಟಿತು. ಬೆಂಗಳೂರಿನ ಕೇಂದ್ರವೂ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾನಿಲಯವೂ ಕೂಡಿ ನಡೆಸಿದ ಯಾತ್ರೆ. ಎಂಟು ಡಿಗ್ರಿ ಉತ್ತರ ಅಕ್ಷಾಂಶದ ಗೆರೆಯ ಮೇಲೆ ಹಡಗು ಸಾಗಿ, 89 ಡಿಗ್ರಿ ಪೂರ್ವ ರೇಖಾಂಶದ ಬಳಿ ಸುಮಾರು ಹತ್ತು ದಿನ ಒಂದೇ ಕಡೆ ನಿಂತಿತು. ಹಗಲಿರುಳೂ ತಂತಿಗೆ ಕಟ್ಟಿದ ಉಪಕರಣಗಳನ್ನು ಇಳಿಸುವುದು, ಎತ್ತುವುದು, ಮತ್ತೆ ಇಳಿಸುವುದು. ಬಾವಿಯಿಂದ ನೀರು ಸೇದುವ ಕೆಲಸಕ್ಕೂ ಇದಕ್ಕೂ ಮೇಲುನೋಟಕ್ಕೆ ವ್ಯತ್ಯಾಸವಿಲ್ಲ. ಸೇದಿದ್ದು ನೀರಿನ ಬದಲು ಅದರ ಬಿಸಿ, ಉಪ್ಪು, ಹರಿವುಗಳ ಲೆಕ್ಕ.

ಹಡಗಿನೊಡನೆ ಗ್ಲೈಡರುಗಳೆಂಬ ಐದು ವಿಚಿತ್ರ ಜಲಚರಗಳೂ ನೀರಿಗಿಳಿದವು. ಮನುಷ್ಯನಷ್ಟು ಉದ್ದದ, ಮೀನಿನ ಆಕಾರದ ಯಂತ್ರ. ಎರಡು ಪುಟ್ಟ ರೆಕ್ಕೆ. ಎಂಜಿನ್ನೂ ಇಲ್ಲ, ತಿರುಗುವ ಚಕ್ರವೂ ಇಲ್ಲ. ಒಳಗಿನ ಎಣ್ಣೆಯನ್ನು ಹೊರಚೀಲಕ್ಕೆ ದೂಡಿದರೆ ಅದರ ಗಾತ್ರ ಹಿಗ್ಗಿ ತೇಲುತ್ತದೆ, ಒಳಕ್ಕೆಳೆದರೆ ಮುಳುಗುತ್ತದೆ. ಮುಳುಗುವಾಗಲೂ ಏಳುವಾಗಲೂ ರೆಕ್ಕೆಯ ಬಲದಿಂದ ಓರೆಯಾಗಿ ಜಾರುತ್ತ, ಗರಗಸದ ಹಲ್ಲಿನಂತೆ ಸಾವಿರ ಮೀಟರ್ ಆಳದವರೆಗೂ ಹೋಗಿಬರುತ್ತದೆ. ಮೇಲೆ ಬಂದಾಗಲೊಮ್ಮೆ ಉಪಗ್ರಹಕ್ಕೆ ತನ್ನ ಲೆಕ್ಕವನ್ನೊಪ್ಪಿಸಿ, ಮುಂದಿನ ಆಜ್ಞೆ ಪಡೆದು ಮತ್ತೆ ಮುಳುಗುತ್ತದೆ. ಜುಲೈ 23ರಂದು ಹಡಗು ಮರಳಿ ಬಂದಾಗ, ಮೇಲೆ ಸಿಹಿ, ಅಡಿಯಲ್ಲಿ ಉಪ್ಪು, ನಡುವೆ ಮೀಟರುಮೀಟರಿಗೆ ಬದಲಾಗುವ ಬಿಸಿ ಇವುಗಳ ಚಿತ್ರ ಹಿಂದೆಂದೂ ಇಲ್ಲದಷ್ಟು ನಿಚ್ಚಳವಾಗಿ ದೊರೆತಿತ್ತು. ಮಳೆಯ ಮುನ್ಸೂಚನೆ ನೀಡುವ ಗಣಕಯಂತ್ರಗಳ ಸೂತ್ರಗಳು ಇದೇ ಪದರದಲ್ಲಿ ಎಡವುವುದರಿಂದ ಆ ಚಿತ್ರದ ಬೆಲೆ ದೊಡ್ಡದು.

ಇಷ್ಟಾದರೂ 2023ರಲ್ಲಿ ಆದದ್ದೇನು? ಶಾಂತಸಾಗರದಲ್ಲಿ ಎಲ್ ನಿನೊ ಎದ್ದಿತ್ತು. ಹಿಂದೂ ಮಹಾಸಾಗರದ ತಕ್ಕಡಿ ಅನುಕೂಲದತ್ತ ವಾಲೀತೆಂದು ಮೊದಲೇ ಹೇಳಲಾಗಿತ್ತು, ವಾಲಿತು ಕೂಡ. ಆದರೆ ಬಲಗೊಂಡದ್ದು ತಡವಾಗಿ. ಸೆಪ್ಟೆಂಬರಿನಲ್ಲಿ ದೇಶಕ್ಕೆ ವಾಡಿಕೆಗಿಂತ ಹೆಚ್ಚು ಮಳೆಯಾಗಿ ಋತುವಿನ ಲೆಕ್ಕ ನೂರಕ್ಕೆ 94ರವರೆಗೆ ಚೇತರಿಸಿಕೊಂಡಿತು. ಕೊಡಗಿನಲ್ಲಿ ಕಳೆದುಹೋದ ಆಗಸ್ಟನ್ನು ಅದು ಮರಳಿ ತರಲಿಲ್ಲ. ಕೃಷ್ಣರಾಜಸಾಗರ ಆ ವರ್ಷ ತುಂಬಲಿಲ್ಲ. ತಕ್ಕಡಿ ಯಾವ ಕಡೆಗೆ ವಾಲುವುದೆಂದು ಹೇಳುವುದು ಒಂದು ವಿದ್ಯೆ, ಯಾವ ವಾರ ವಾಲುವುದೆಂದು ಹೇಳುವುದು ಇನ್ನೊಂದು. ಎರಡನೆಯದು ಇನ್ನೂ ಕೈಗೆ ಬರಬೇಕಾಗಿದೆ.

ಅದಕ್ಕಾಗಿಯೇ ಆರ್ಗೊ ಎಂಬ ತೇಲುಯಂತ್ರಗಳು ಜಗತ್ತಿನ ಸಾಗರಗಳಲ್ಲೆಲ್ಲ, ಸುಮಾರು 4000 ಸಂಖ್ಯೆಯಲ್ಲಿ, ಹಡಗಿನ ಹಂಗಿಲ್ಲದೆ ಅಲೆಯುತ್ತಿವೆ. ಸಾವಿರ ಮೀಟರ್ ಆಳದಲ್ಲಿ ತಂಗಿ, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗಿಳಿದು ಮೇಲೆ ಬಂದು ವರದಿ ಒಪ್ಪಿಸುವುದು ಅವುಗಳ ವ್ರತ. ಭಾರತದ ಪಾಲಿನವುಗಳ ಮೇಲ್ವಿಚಾರಣೆ ಹೈದರಾಬಾದಿನಲ್ಲಿ. ಅದೂ ಕಡಲಿಲ್ಲದ ಊರೇ!

2024ರ ಜುಲೈ ಕೊನೆಯ ವಾರದಲ್ಲಿ ಕೃಷ್ಣರಾಜಸಾಗರ ತನ್ನ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಿತು, ಕಾವೇರಿಗೆ ಬಾಗಿನ ಅರ್ಪಣೆಯಾಯಿತು. ತಾತಗುಣಿಯ ಪಂಪುಗಳು ಎಂದಿನಂತೆ ನೀರನ್ನು ಮೇಲಕ್ಕೆ ದೂಡುತ್ತಿದ್ದವು. ಅತ್ತ ಬಂಗಾಳ ಕೊಲ್ಲಿಯಲ್ಲಿ ಕೆನೆಯಂತಹ ಸಿಹಿನೀರಿನ ಅಡಿಗೆ ಪಡುಗಡಲಿನ ಉಪ್ಪು ಆ ವರ್ಷದ ಸರದಿಗೆ ನುಸುಳುತ್ತಿತ್ತು.